ಜೇಬಿನಲ್ಲಿ ಹತ್ತು ಕೋಟಿ ಹಾಡು, ಹೊಸದು ಮಾತ್ರ ಸಿಗ್ತಿಲ್ಲ. ನೀವೆಲ್ಲ ಏನು ಮಾಡ್ತೀರಿ?

ಬನಶಂಕರಿ ಬಸ್‌ಸ್ಟಾಪ್ · ಶನಿವಾರ ರಾತ್ರಿ 9:12

ಹೊಸ ಹಾಡು ಎಲ್ಲಿಂದ ಹುಡುಕುತ್ತೀರಿ ಅಂತ ಸ್ವಲ್ಪ ಹೇಳಿ.

ನಾನು ತಿಂಗಳಿಗೆ ದುಡ್ಡು ಕಟ್ಟಿ ಒಂದು ಆ್ಯಪ್ ಬಳಸುತ್ತೇನೆ. ಜಾಹೀರಾತಿನ ಕಾಟ ಇಲ್ಲ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದಿಡೀ ಆಲ್ಬಂ ಮುಗಿಯುತ್ತದೆ, ಹಾಗಾಗಿ ಟೈಮಿಗೂ ಬರ ಇಲ್ಲ. ಆದರೂ ಕೇಳುವುದು ಅದದೇ ಹಾಡು. ಒಂದು ಹಳೇ ಭಾವಗೀತೆ ಹಾಕಿದರೆ ಮುಂದೆ ಯಾವುದು ಬರುತ್ತದೆ, ಅದಾದ ಮೇಲೆ ಯಾವುದು ಅಂತ ಬಾಯಿಪಾಠ ಆಗಿದೆ. ನಿಮಗಾಗಿ ಅಂತ ಆ್ಯಪ್ ಕಟ್ಟಿಕೊಡುವ ಪಟ್ಟಿ ತೆಗೆದರೆ ಅದರಲ್ಲೂ ಅರ್ಧ ನಾನು ಮೊದಲೇ ಲೈಕ್ ಒತ್ತಿದ್ದೇ.

ಇನ್ನೊಂದು ಕಡೆ ನಮ್ಮ ಅಣ್ಣನ ಮಗಳು, ಪಿಯುಸಿ. ಅವಳ ಬಾಯಲ್ಲಿ ದಿನಕ್ಕೊಂದು ಹೊಸ ಹಾಡು. ಯಾರದಮ್ಮ ಇದು ಅಂದರೆ, "ರೀಲ್ಸ್‌ನಲ್ಲಿ ಬರುತ್ತಲ್ಲ ಚಿಕ್ಕಪ್ಪ, ಅದು" ಅನ್ನುತ್ತಾಳೆ. ಪೂರ್ತಿ ಹಾಡು ಕೇಳಿದ್ದೀಯಾ ಅಂದರೆ ಪೂರ್ತಿನೂ ಇದೆಯಾ ಅಂತ ನನ್ನನ್ನೇ ಕೇಳುತ್ತಾಳೆ.

ಸ್ಟ್ರೀಮಿಂಗ್ ಬಂದ ಮೇಲೆ ಹಾಡು ಸಿಗೋದು ಸುಲಭ ಆಯ್ತಾ, ಕಷ್ಟ ಆಯ್ತಾ? ವಯಸ್ಸಾಯ್ತು ಅಂತ ಮಾತ್ರ ಹೇಳಬೇಡಿ. ಅದನ್ನು ಮನೆಯಲ್ಲೇ ಹೇಳುತ್ತಾರೆ.

ಎರಡನೇ ಲೋಟ ಕಾಫಿ · 9:20

ನೀವೇ ಅದದೇ ಒತ್ತುತ್ತಾ ಕೂತರೆ ಆ್ಯಪ್ ಏನು ಮಾಡಬೇಕು ಪಾಪ.

ಸೈಡ್ ಬಿ · 9:41

ಎಂಬತ್ತರ ದಶಕದಲ್ಲಿ ನಾನು ಚಾಮರಾಜಪೇಟೆಯಲ್ಲಿದ್ದೆ. ಆಗ ಬಡಾವಣೆಗೊಂದಾದರೂ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇರುತ್ತಿತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಬರುವುದು. ಎರಡು ದಿನ ಬಿಟ್ಟು ಹೋದರೆ ತುಂಬಿಸಿ ಇಟ್ಟಿರುತ್ತಿದ್ದರು.

ಅರವತ್ತರ ಕ್ಯಾಸೆಟ್ ಅಂದರೆ ಒಂದೊಂದು ಬದಿಗೆ ಮೂವತ್ತು ನಿಮಿಷ. ನಾವು ಬರೆದ ಹಾಡೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಮೂರು ನಾಲ್ಕು ನಿಮಿಷ ಉಳಿದುಬಿಡುತ್ತಿತ್ತು. ನಮ್ಮ ಅಂಗಡಿಯವರು ಅದನ್ನು ಖಾಲಿ ಬಿಡುತ್ತಿರಲಿಲ್ಲ. ತಮಗೆ ಇಷ್ಟವಾದ ಒಂದು ಹಾಡು ಹಾಕಿ, ಪಟ್ಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಅದರ ಹೆಸರು ಬರೆದಿರುತ್ತಿದ್ದರು. ಪಿ.ಬಿ. ಶ್ರೀನಿವಾಸ್ ಅವರನ್ನು ನಾನು ರಾಜ್‌ಕುಮಾರ್ ಸಿನಿಮಾಗಳಿಂದ ಮಾತ್ರ ಬಲ್ಲವನು. ಅವರು ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೆ ಹಾಡಿದ್ದು ಗೊತ್ತಾಗಿದ್ದು ಹೀಗೆ ಕೊನೆಗೆ ಸೇರಿದ ಒಂದು ಹಾಡಿನಿಂದ. ಮುಂದಿನ ಸಲ ಹೋದಾಗ "ಹೇಗಿತ್ತು?" ಅಂತ ಕೇಳುತ್ತಿದ್ದರು. ಇಷ್ಟ ಆಗಲಿಲ್ಲ ಅಂದರೆ ವಾದಕ್ಕೇ ನಿಲ್ಲುತ್ತಿದ್ದರು.

ಆ್ಯಪ್ ಕೂಡ ಹಾಡು ಸೇರಿಸುತ್ತದೆ, ಸರಿ. ಯಾಕೆ ಸೇರಿಸಿದೆ ಮಾರಾಯ ಅಂತ ಯಾರನ್ನು ಕೇಳೋಣ?

ಇಯರ್‌ಫೋನ್ ಈಶ · 9:48

ಅಂಕಲ್, ಆ ಅಂಗಡಿ ಪೈರಸಿ ಅಲ್ವಾ 😄

ಸೈಡ್ ಬಿ · 9:53

ನ್ಯಾಷನಲ್ ಮಾರ್ಕೆಟ್‌ನಲ್ಲಿ ನೂರೈವತ್ತು ಹಾಡಿನ ಎಂಪಿ3 ಸೀಡಿ ಕೊಂಡ ಪೀಳಿಗೆಯವರು ಇದನ್ನು ಕೇಳಬಾರದು.

ಇಯರ್‌ಫೋನ್ ಈಶ · 9:54

ನಾನು ಅದಕ್ಕಿಂತ ಚಿಕ್ಕವನು. ನಮ್ಮದು ಟೊರೆಂಟ್.

ಡೇಟಾ ದೋಸೆ · 10:15

ಇಂಥ ಶಿಫಾರಸು ಮಾಡುವ ವ್ಯವಸ್ಥೆಗಳ ಮೇಲೆ ಕೆಲಸ ಮಾಡಿದ್ದೇನೆ (ಹಾಡಿನದಲ್ಲ, ಶಾಪಿಂಗ್‌ನದು). ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ.

ಆ್ಯಪ್‌ಗೆ ನಿಮ್ಮ ರುಚಿ ಗೊತ್ತಿಲ್ಲ. ಹೋಟೆಲಿನಲ್ಲಿ ಇಡ್ಲಿ ತಗೊಂಡವರು ವಡೆನೂ ತಗೊಂಡರು, ಅದಕ್ಕೆ ನಿಮಗೂ ವಡೆ ಬೇಕಾ ಅಂತ ಕೇಳುವ ಹಾಗೆ. ನೀವು ಕೇಳಿದ ಹಾಡು ಬೇರೆ ಯಾರ‍್ಯಾರ ಪ್ಲೇಲಿಸ್ಟ್‌ನಲ್ಲಿದೆ, ಅದರ ಪಕ್ಕದಲ್ಲಿ ಇನ್ಯಾವ ಹಾಡಿದೆ, ಅದನ್ನು ತಂದು ನಿಮ್ಮ ಮುಂದೆ ಇಡುತ್ತದೆ. ಹಾಡಿನ ಧ್ವನಿಯನ್ನೂ ಅಳೆಯುತ್ತಾರೆ: ವೇಗ, ಲಯ, ಅಬ್ಬರ ಎಲ್ಲ. ಈ ಕೆಲಸದಲ್ಲಿ ಪಳಗಿದ್ದ ಎಕೋ ನೆಸ್ಟ್ ಅನ್ನುವ ಕಂಪನಿಯನ್ನು ಹಾಡಿನ ಆ್ಯಪ್ ಸ್ಪಾಟಿಫೈ 2014ರಲ್ಲಿ ಕೊಂಡಿತು. ಮರುವರ್ಷ ಜುಲೈನಲ್ಲಿ ಡಿಸ್ಕವರ್ ವೀಕ್ಲಿ ಬಂತು, ನಿಮಗಾಗಿ ಅಂತ ಆರಿಸಿದ ಪಟ್ಟಿ, ಪ್ರತಿ ಸೋಮವಾರ ಮೂವತ್ತು ಹಾಡು.

ಕನ್ನಡಕ್ಕೆ ಪೆಟ್ಟು ಬೀಳುವುದು ಎಲ್ಲಿ ಅಂದರೆ, ಯಾರೂ ಕೇಳದ ಹಾಡಿನ ಬಗ್ಗೆ ಈ ಲೆಕ್ಕಕ್ಕೆ ಏನೂ ಗೊತ್ತಿರುವುದಿಲ್ಲ. ಹಿಂದಿಗೆ ಕೇಳುವವರು ಜಾಸ್ತಿ, ಹಾಗಾಗಿ ಅಲ್ಲಿನ ಮೂಲೆಯ ಹಾಡಿಗೂ ಒಂದಿಷ್ಟು ಡೇಟಾ ಇರುತ್ತದೆ. ನಮ್ಮಲ್ಲಿ ಹಿಟ್ ಆದ ನಾಲ್ಕು ಹಾಡು ಬಿಟ್ಟರೆ ಉಳಿದವು ಕತ್ತಲಲ್ಲೇ. ಅದರ ಮೇಲೆ ಬೆಂಗಳೂರಿನವರ ಕಿವಿ ಒಂದೇ ಭಾಷೆಗೆ ನಿಲ್ಲುವುದಿಲ್ಲ. ಕನ್ನಡ ಕೇಳುವವರೇ ತಮಿಳು, ತೆಲುಗು, ಹಿಂದಿ ಎಲ್ಲ ಕೇಳುತ್ತಾರೆ. ಆ್ಯಪ್‌ಗೆ ಕನ್ನಡ ಹಾಡಿನ ಪಕ್ಕದ ಮನೆ ಅಂದರೆ ಇನ್ನೊಂದು ಕನ್ನಡ ಹಾಡೇ ಆಗಿರಬೇಕಿಲ್ಲ.

18ನೇ ಕ್ರಾಸ್ · 10:37

ಅದು ಕೆಟ್ಟದ್ದು ಅಂತ ಯಾಕೆ ಅಂದುಕೊಳ್ಳಬೇಕು?

@ಸೈಡ್ ಬಿ ಸರ್, ಬೇಜಾರು ಮಾಡ್ಕೋಬೇಡಿ. ಕ್ಯಾಸೆಟ್ ಅಂಗಡಿ ಅಂದ ತಕ್ಷಣ ಇಲ್ಲಿ ಎಲ್ಲರ ಕಣ್ಣೂ ಒದ್ದೆ ಆಗುತ್ತದೆ. ಆ ಅಂಗಡಿ ಮುಂದೆ ಸಂಜೆ ನಿಂತಿರುತ್ತಿದ್ದವರು ಯಾರು? ಬರೀ ಹುಡುಗರು. ನಾನು ಮಲ್ಲೇಶ್ವರದಲ್ಲಿ ಹೈಸ್ಕೂಲ್ ಓದುವಾಗ ಅಲ್ಲಿ ಐದು ನಿಮಿಷ ನಿಂತು ಯಾವ ಹಾಡು ಚೆನ್ನಾಗಿದೆ ಅಂತ ಕೇಳಿದ್ದರೆ ಆ ಸುದ್ದಿ ನನಗಿಂತ ಮೊದಲು ಮನೆ ಸೇರುತ್ತಿತ್ತು. ಅಣ್ಣ ಏನು ತರುತ್ತಾನೋ ಅದನ್ನೇ ಕೇಳುವುದು. ಅವನ ರುಚಿಯೋ, ದೇವರೇ ಗತಿ.

ಆಮೇಲೆ ಬ್ರಿಗೇಡ್ ರೋಡ್ ಕಡೆ ದೊಡ್ಡ ಸೀಡಿ ಅಂಗಡಿಗಳು ಬಂದವು. ಹೆಡ್‌ಫೋನ್ ಹಾಕಿಕೊಂಡು ನಿಂತು ಕೇಳುವ ಸ್ಟ್ಯಾಂಡ್ ಇರುತ್ತಿತ್ತು. ಕೇಳಿ ಬರುವುದೇ ಬಂತು, ಕೊಳ್ಳಲು ದುಡ್ಡೆಲ್ಲಿ?

ಈಗ ರಾತ್ರಿ ಮಗು ಮಲಗಿದ ಮೇಲೆ ಕಿವಿಗೆ ಹಾಕಿಕೊಂಡು ಎಲ್ಲೆಲ್ಲಿಗೋ ಹೋಗುತ್ತೇನೆ. ಮಾಲಿ ದೇಶದ ಮರುಭೂಮಿಯ ತಿನಾರಿವೆನ್ ಅನ್ನುವ ತಂಡ ನನಗೆ ಸಿಕ್ಕಿದ್ದು ಆ್ಯಪ್‌ನಿಂದಲೇ. ಗಿಟಾರ್ ಅದೇ, ನುಡಿಸುವ ರೀತಿ ಬೇರೆ. ಭಾಷೆ ಒಂದಕ್ಷರ ತಿಳಿಯಲ್ಲ. ಯಾವ ಅಂಗಡಿಯವರು ಇದನ್ನು ನನ್ನ ಕ್ಯಾಸೆಟ್ಟಿನ ಕೊನೆಗೆ ಸೇರಿಸುತ್ತಿದ್ದರು?

ಎರಡನೇ ಲೋಟ ಕಾಫಿ · 10:40

ಅಣ್ಣನ ರುಚಿ ಏನಿತ್ತು ಅಂತ ತಿಳಿಯುವ ಕುತೂಹಲ.

18ನೇ ಕ್ರಾಸ್ · 10:41

ಡಿಸ್ಕೋ. ಬರೀ ಡಿಸ್ಕೋ.

ಸೈಡ್ ಬಿ · 10:58

ಮೇಡಂ, ನೀವು ಹೇಳಿದ್ದು ನಿಜ. ಆ ಅಂಗಡಿಗೆ ಹೆಣ್ಣುಮಕ್ಕಳು ಬಂದಿದ್ದು ನನಗೂ ನೆನಪಿಲ್ಲ. ಆದರೆ ನಾನು ಕೇಳುತ್ತಿರುವುದು ಅಂಗಡಿ ಅಲ್ಲ, ಹೆಸರು. 1978ರಲ್ಲಿ ನಿತ್ಯೋತ್ಸವ ಕ್ಯಾಸೆಟ್ ಬಂದಾಗ ನಿಸಾರ್ ಅಹಮದ್ ಕವಿ, ಮೈಸೂರು ಅನಂತಸ್ವಾಮಿ ಸಂಗೀತ ಅಂತ ಎಲ್ಲರಿಗೂ ಗೊತ್ತಿತ್ತು. ಡಬ್ಬಿಯೊಳಗಿನ ಕಾಗದ ಬಿಡಿಸಿ ಓದುತ್ತಿದ್ದೆವು. ಆ ಹೆಸರು ಹಿಡಿದೇ ಮುಂದಿನ ಕ್ಯಾಸೆಟ್ ಹುಡುಕುವುದು. ಈಗ ಆ್ಯಪ್‌ನಲ್ಲಿ ಭಾವಗೀತೆ ಹಾಕಿ ನೋಡಿ. ಹಾಡಿದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಕವಿ ಎಲ್ಲಿ?

ಡೇಟಾ ದೋಸೆ · 11:04

ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್ ಬರುತ್ತದೆ ಸರ್. ಸ್ಪಾಟಿಫೈನಲ್ಲಿ 2018ರಿಂದಲೇ ಇದೆ.

ಸೈಡ್ ಬಿ · 11:07

ಒತ್ತಿದೆ. ಗಾಯಕರ ಹೆಸರು ಇನ್ನೊಂದು ಸಲ ಬಂತು.

ಡೇಟಾ ದೋಸೆ · 11:09

ಹೌದು, ಹಾಡು ಕೊಡುವ ಕಂಪನಿಯವರು ತುಂಬಿದರೆ ಮಾತ್ರ ಇರುತ್ತದೆ 🙈

ಮೀಡಿಯಂ ವೇವ್ · ಭಾನುವಾರ ಬೆಳಿಗ್ಗೆ 6:50

ಹೆಸರಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ವಿವಿಧ ಭಾರತಿ ಕೇಳಿ, ಬೆಂಗಳೂರಿನಲ್ಲಿ 102.9. ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಅಂತ ಹೇಳಿಯೇ ಹಾಡು ಹಾಕುವ ಪದ್ಧತಿ. ದಿನಾ ಕಿವಿಗೆ ಬಿದ್ದೂ ಬಿದ್ದೂ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಲ್ಲ ನಮ್ಮ ಮನೆ ನೆಂಟರ ಹಾಗೆ ಆಗಿಬಿಟ್ಟರು. ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಹಾಡಿನ ಮೊದಲ ಸಾಲು ಹೇಳಿದರೆ ಬರೆದವರು ಯಾರು ಅಂತ ಹೇಳುತ್ತಿದ್ದರು. ಆ ಅನೌನ್ಸರ್‌ಗಳಿಗೆ ಕೈ ಮುಗಿಯಬೇಕು.

ಇಯರ್‌ಫೋನ್ ಈಶ · 8:30

ಎಫ್‌ಎಂ ಬಂದಿದ್ದೇ 2001ರಲ್ಲಿ ಅಲ್ವಾ, ಅಲ್ಲಿಂದ ಕನ್ನಡ ಹಾಡಿಗೆ ಶುಕ್ರದೆಸೆ ಅಂತ ಕೇಳಿದ್ದೆ.

ಮೀಡಿಯಂ ವೇವ್ · 8:44

ಎರಡೂ ತಪ್ಪು ಗುರು. 2001ರ ಜುಲೈ 3ಕ್ಕೆ ಶುರುವಾಗಿದ್ದು ಖಾಸಗಿ ಎಫ್‌ಎಂ, ರೇಡಿಯೋ ಸಿಟಿ. ದೇಶಕ್ಕೇ ಮೊದಲು, ಅದೂ ನಮ್ಮ ಊರಿನಲ್ಲಿ. ಆಕಾಶವಾಣಿಯ ಎಫ್‌ಎಂ ಅದಕ್ಕೂ ಮುಂಚೆಯೇ ಇತ್ತು. ಖಾಸಗಿಯವರು ಮೊದಮೊದಲು ಹಿಂದಿ, ಇಂಗ್ಲಿಷನ್ನೇ ಜಾಸ್ತಿ ಹಾಕುತ್ತಿದ್ದರು. ಕನ್ನಡ ಹಾಕಿ ಅಂತ ಜನ ಜಗಳ ಆಡಬೇಕಾಯ್ತು. 2006ರ ಡಿಸೆಂಬರ್ ಕೊನೆಗೆ ಮುಂಗಾರು ಮಳೆ ಬಂತು ನೋಡಿ, ಆಮೇಲೆ ಕನ್ನಡ ಹಾಡಿಲ್ಲದೆ ಅವರಿಗೂ ನಡೆಯದ ಹಾಗೆ ಆಯ್ತು.

ಎರಡನೇ ಲೋಟ ಕಾಫಿ · 8:51

ಅಂದರೆ ಆಗಲೂ ಹಿಟ್ ಆದ ಮೇಲೇ ಹಾಕಿದರು. ಆ್ಯಪ್ ಮಾಡುವುದೂ ಅದನ್ನೇ. ಬೈಯುವುದಾದರೆ ಇಬ್ಬರಿಗೂ ಬೈಯಿರಿ.

ಪಿಜಿ ಪೀರಪ್ಪ · 9:25

ನಾನು ಗದಗದವನು, ಈಗ ಬಿಟಿಎಂ ಪಿಜಿ ವಾಸ. ನೀವೆಲ್ಲ ಆ್ಯಪ್ ಆ್ಯಪ್ ಅಂತ ಹೊಡೆದಾಡುತ್ತೀರಲ್ಲರೀ, ನಮ್ಮ ಕಡೆ ಜಾನಪದ ಹಾಡು ಓಡುವುದೇ ಯೂಟ್ಯೂಬ್‌ನಲ್ಲಿ. ಟ್ರ್ಯಾಕ್ಟರ್ ಮೇಲೆ ಸೌಂಡ್ ಬಾಕ್ಸ್ ಕಟ್ಟಿಕೊಂಡು ಹೊರಟರೆ ಮೂರು ಊರಿಗೆ ಕೇಳುತ್ತದೆ. ಇಲ್ಲಿ ಮೆಜೆಸ್ಟಿಕ್‌ನಿಂದ ರಾತ್ರಿ ಊರ ಕಡೆ ಹೊರಡುವ ಬಸ್ಸಿನಲ್ಲಿ ಹತ್ತಿದರೆ ಯಾವುದು ಹೊಸದು ಅಂತ ಗೊತ್ತಾಗಿಬಿಡುತ್ತದೆ, ಯಾರಾದರೂ ಒಬ್ಬರು ಫೋನಿನಲ್ಲಿ ಹಾಕಿಯೇ ಇರುತ್ತಾರೆ.

ಹೆಸರಿಲ್ಲ ಅಂತ ಅಳುವವರು ಆ ವಿಡಿಯೋಗಳ ಥಂಬ್‌ನೇಲ್ ನೋಡಿ. ಬರೆದವರು, ಹಾಡಿದವರು, ಅವರ ಊರು, ಕೆಲವು ಸಲ ಕಾರ್ಯಕ್ರಮಕ್ಕೆ ಕರೆಯಲು ಫೋನ್ ನಂಬರ್ ಕೂಡ. ಫೋಟೋ ಹಾಕಲು ಜಾಗ ಉಳಿದಿರಲ್ಲ.

18ನೇ ಕ್ರಾಸ್ · 9:31

ಇದು ಸೂಪರ್ 😂 ಕ್ರೆಡಿಟ್ಸ್ ಅಂದರೆ ಹೀಗಿರಬೇಕು.

ಬನಶಂಕರಿ ಬಸ್‌ಸ್ಟಾಪ್ · 9:50

ಒಂದೆರಡು ಕೇಳಿದೆ. ಸಾಹಿತ್ಯ ಸ್ವಲ್ಪ ಖಾರ ಇದೆ. ಮನೆಯವರ ಮುಂದೆ ಸ್ಪೀಕರ್‌ನಲ್ಲಿ ಹಾಕುವ ಹಾಗಿಲ್ಲ.

ಬೇಸ್‌ಮೆಂಟ್ ಬೇಸ್ · 10:45

ಹಾಡು ಮಾಡುವವರ ಕಡೆಯಿಂದಲೂ ಒಂದು ಮಾತು. ನಮ್ಮದು ಚಿಕ್ಕ ತಂಡ, ಸ್ವಂತ ಕನ್ನಡ ಹಾಡು. ಜೆ.ಪಿ. ನಗರದಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸ್, ಪಕ್ಕದ ಮನೆಯವರು ಒಳ್ಳೆಯವರು.

ಹಾಡು ಹಾಕುವುದು ಈಗ ಸುಲಭ. ಡಿಸ್ಟ್ರಿಬ್ಯೂಟರ್‌ಗೆ ಫೀಸ್ ಕೊಟ್ಟರೆ ಎಲ್ಲ ಆ್ಯಪ್‌ಗೂ ಹೋಗುತ್ತದೆ. ಕ್ಯಾಸೆಟ್ ಕಾಲದಲ್ಲಿ ನಮ್ಮಂಥವರನ್ನು ಕಂಪನಿಯ ಗೇಟಿನೊಳಗೂ ಬಿಡುತ್ತಿರಲಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳೋಣ.

ತೊಂದರೆ ಶುರುವಾಗುವುದು ಅದಾದ ಮೇಲೆ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಹಾಗಾಗಿ ತಂಡದೊಳಗೇ ಜಗಳ. ನಮ್ಮ ಒಂದು ಹಾಡಿಗೆ ಶುರುವಿನಲ್ಲಿ ಉದ್ದ ಕೊಳಲು ಇತ್ತು. ಒಬ್ಬರು ಇರಲಿ ಅಂದರು, ಇನ್ನೊಬ್ಬರು ಮಾತು ಶುರುವಾಗುವಷ್ಟರಲ್ಲಿ ಜನ ಸ್ಕಿಪ್ ಮಾಡಿ ಹೋಗಿರುತ್ತಾರೆ ಅಂದರು. ಕೊನೆಗೆ ಕೊಳಲು ಮಧ್ಯಕ್ಕೆ ಹೋಯಿತು. ನುಡಿಸಿದವರು ಇನ್ನೂ ಸಿಟ್ಟಾಗಿದ್ದಾರೆ.

2024ರಿಂದ ಇನ್ನೊಂದು ನಿಯಮ. ಒಂದು ಹಾಡಿಗೆ ಸಾವಿರ ಸ್ಟ್ರೀಮ್ ಆಗದಿದ್ದರೆ ಅದಕ್ಕೆ ದುಡ್ಡೇ ಇಲ್ಲ. ಸಾವಿರ ದಾಟಿದರೂ ಒಂದೊಂದು ಸ್ಟ್ರೀಮಿಗೆ ಇಷ್ಟು ಅಂತ ರೇಟ್ ಇರುವುದಿಲ್ಲ. ಒಟ್ಟು ಬಂದ ಹಣವನ್ನು ಒಟ್ಟು ಕೇಳಿದ್ದರಲ್ಲಿ ಯಾರ ಪಾಲು ಎಷ್ಟು ಅಂತ ಹಂಚುತ್ತಾರೆ. ನೀವು ತಿಂಗಳಿಡೀ ನಮ್ಮ ಹಾಡೊಂದನ್ನೇ ಕೇಳಿದರೂ ನೀವು ಕಟ್ಟಿದ ದುಡ್ಡು ನೇರವಾಗಿ ನಮಗೆ ಬರಲ್ಲ. ಬಹುಪಾಲು ಬೇರೆಯವರು ಕೇಳಿದ ದೊಡ್ಡ ಹಿಟ್‌ಗಳಿಗೇ ಹೋಗುತ್ತದೆ.

ಒಂದು ಖುಷಿಯ ವಿಷಯ: ಯಾವ ಊರಿನವರು ಕೇಳುತ್ತಿದ್ದಾರೆ ಅಂತ ತೋರಿಸುತ್ತದೆ. ನಮಗೆ ಬೆಂಗಳೂರು ಬಿಟ್ಟರೆ ಜಾಸ್ತಿ ದಾವಣಗೆರೆ. ಯಾಕೆ ಅಂತ ಗೊತ್ತಿಲ್ಲ. ದಾವಣಗೆರೆಯವರು ಯಾರಾದರೂ ಇದ್ದೀರಾ ಇಲ್ಲಿ?

ಇಯರ್‌ಫೋನ್ ಈಶ · 10:52

ಸಾವಿರ ಅಂದರೆ ಹಾಡು ಬಂದಾಗಿನಿಂದ ಒಟ್ಟು ಸಾವಿರನಾ?

ಬೇಸ್‌ಮೆಂಟ್ ಬೇಸ್ · 10:55

ಅಲ್ಲ, ಹಿಂದಿನ ಹನ್ನೆರಡು ತಿಂಗಳಲ್ಲಿ. ಒಂದೊಂದು ಹಾಡಿಗೂ ಬೇರೆ ಬೇರೆ.

ಬೆಣ್ಣೆ ದೋಸೆ ಬ್ರಿಗೇಡ್ · 11:20

ದಾವಣಗೆರೆ ಹಾಜರ್. ನಮ್ಮ ಕಾಲೇಜಿನಲ್ಲಿ ಒಬ್ಬ ನಿಮ್ಮ ಹಾಡಿಗೆ ರೀಲ್ ಮಾಡಿದ್ದ, ಅಲ್ಲಿಂದ ಹಬ್ಬಿತು ಅಂತ ಕಾಣುತ್ತದೆ. ಯಾವ ಹಾಡು ಅಂತ ಇಲ್ಲಿ ಹೇಳಿದರೆ ನೀವು ಯಾರು ಅಂತ ಗೊತ್ತಾಗಿಬಿಡುತ್ತದೆ, ಬೇಡ ಬಿಡಿ. ಒಂದ್ಸಲ ಬಂದು ಕಾರ್ಯಕ್ರಮ ಕೊಡಿ. ದೋಸೆ ನಮ್ಮ ಖರ್ಚು.

ಬೇಸ್‌ಮೆಂಟ್ ಬೇಸ್ · 11:22

ರೀಲ್ಸ್‌ಗೆ ಇನ್ನು ಬೈಯಲ್ಲ.

ರಸಿಕ ಕೆ.ಆರ್. ರೋಡ್ · ಮಧ್ಯಾಹ್ನ 1:10

ಶಾಸ್ತ್ರೀಯ ಸಂಗೀತ ಕೇಳುವವರ ಪಾಡು ಇನ್ನೂ ಮೋಜಿನದು. ಕಛೇರಿಯ ಆಲ್ಬಂನಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್. ಷಫಲ್ ಒತ್ತಿ ಹೋದರೆ ಕಾಂಬೋಧಿ ಆಲಾಪನೆ ಮುಗಿದ ತಕ್ಷಣ ಬೇರೆ ಯಾರದೋ ತಿಲ್ಲಾನ! ಇನ್ನೊಂದು ದಿನ ಬರೀ ತನಿ ಆವರ್ತನ (ಮೃದಂಗದವರ ಸರದಿ) ಬಂತು, ಹಿಂದೆ ಮುಂದೆ ಏನೂ ಇಲ್ಲ. ಪಕ್ಕವಾದ್ಯದವರ ಹೆಸರಂತೂ ಕೇಳಲೇಬೇಡಿ. ಪಿಟೀಲು ಯಾರು, ಮೃದಂಗ ಯಾರು ಅಂತ ತಿಳಿಯಲು ಬೇರೆ ಕಡೆ ಹುಡುಕಬೇಕು.

ಹಾಗಂತ ನಾನು ಇಂಟರ್ನೆಟ್ ವಿರೋಧಿ ಅಲ್ಲ. ಯೂಟ್ಯೂಬ್‌ನಲ್ಲಿ ರಸಿಕರು ಹಾಕಿರುವ ಹಳೇ ಕಛೇರಿಗಳಿವೆ. ಕೆಳಗೆ ಯಾರೋ ಪುಣ್ಯಾತ್ಮರು ಇಷ್ಟನೇ ನಿಮಿಷಕ್ಕೆ ಇಂಥ ಕೃತಿ, ಇಂಥ ರಾಗ, ಇಂಥವರ ರಚನೆ ಅಂತ ಪೂರ್ತಿ ಪಟ್ಟಿ ಬರೆದಿರುತ್ತಾರೆ. ಅದರ ಕೆಳಗೆ ಇನ್ನೊಬ್ಬರು "ಅದು ಆ ರಾಗ ಅಲ್ಲ" ಅಂತ ಜಗಳ ತೆಗೆದಿರುತ್ತಾರೆ. ಈ ಜಗಳದಿಂದ ನಾನು ಕಲಿತಷ್ಟು ಯಾವ ಆ್ಯಪ್‌ನಿಂದಲೂ ಕಲಿತಿಲ್ಲ.

ಮತ್ತೆ, ನಮ್ಮ ಊರಲ್ಲೇ ಇದೆಯಲ್ಲ! ಚಾಮರಾಜಪೇಟೆಯಲ್ಲಿ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳು. ಆ ಉತ್ಸವ ಶುರುವಾಗಿದ್ದು 1939ರಲ್ಲಿ. ಚಪ್ಪರದ ಹೊರಗೆ ನಿಂತು ಕೇಳುವವರೂ ಇರುತ್ತಾರೆ. ಹಾಡುವವರನ್ನು ಕೇಳಲು ಹೋಗಿ ಪಿಟೀಲಿನವರ ಅಭಿಮಾನಿಯಾಗಿ ಬಂದವರು ಎಷ್ಟು ಜನ. ಎದುರಿಗೆ ಕೂತು ನುಡಿಸುವಾಗ ಸ್ಕಿಪ್ ಮಾಡುವ ಹಾಗಿಲ್ಲ, ಅದಕ್ಕೇ ಹೀಗೆಲ್ಲ ಆಗುವುದು.

ಎರಡನೇ ಲೋಟ ಕಾಫಿ · 1:18

ಸ್ಕಿಪ್ ಮಾಡುತ್ತೇವೆ ಸರ್. ತನಿ ಶುರುವಾದ ತಕ್ಷಣ ಕಾಫಿಗೆ ಎದ್ದು ಹೋಗುವವರು ಯಾರು ಮತ್ತೆ?

ರಸಿಕ ಕೆ.ಆರ್. ರೋಡ್ · 1:21

ನಿಮ್ಮ ಹೆಸರು ನೋಡಿಯೇ ಅನುಮಾನ ಇತ್ತು.

ಮೀಟರ್ ಮೇಲೆ ಇಪ್ಪತ್ತು · 2:05

ಆಟೋದಲ್ಲಿ ಬರುವ ಹಾಡು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ. ಹೋದ ವಾರ ಯಶವಂತಪುರದಿಂದ ಬರುವಾಗ ಒಂದು ಹಳೇ ಹಾಡು ಬರುತ್ತಿತ್ತು. ಫೋನ್ ತೆಗೆದು ಶಜಾಮ್ (ಹಾಡು ಕೇಳಿಸಿದರೆ ಹೆಸರು ಹೇಳುವ ಆ್ಯಪ್) ಮಾಡಲು ಹೋದರೆ ಹಾರ್ನ್ ಸದ್ದಿಗೆ ಏನೂ ಸಿಗಲಿಲ್ಲ. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, "ನನ್ನನ್ನೇ ಕೇಳಿ ಸರ್, ನಾನೂ ಶಂಕರ್‌ನಾಗ್ ಫ್ಯಾನು" ಅಂದರು. ಹಾಡು, ಸಿನಿಮಾ, ಯಾವ ಥಿಯೇಟರ್‌ನಲ್ಲಿ ನೋಡಿದ್ದು ಎಲ್ಲ ಬಂತು.

18ನೇ ಕ್ರಾಸ್ · 2:12

ಮೆಟ್ರೋದಲ್ಲಿ ಇಯರ್‌ಫೋನ್ ಇಲ್ಲದೆ ರೀಲ್ಸ್ ಹಾಕುವವರಿಂದಲೂ ಹೊಸ ಹಾಡು ಸಿಗುತ್ತದೆ. ಬೇಡ ಅಂದರೂ.

ಇಯರ್‌ಫೋನ್ ಈಶ · 2:14

ಅದೂ ಹದಿನೈದು ಸೆಕೆಂಡ್, ಇಪ್ಪತ್ತು ಸಲ.

ಮೀಡಿಯಂ ವೇವ್ · 2:40

ಗಣೇಶನ ಹಬ್ಬದ ಆರ್ಕೆಸ್ಟ್ರಾ ಮರೆತಿರಾ? ಬೀದಿ ಕೊನೆಯಲ್ಲಿ ಪೆಂಡಾಲ್, ಊಟ ಮುಗಿಸಿ ಕುರ್ಚಿ ಹಿಡಿದು ಹೋಗುವುದು. ಚೀಟಿ ಬರೆದು ಕೊಟ್ಟರೆ ಹಾಡುತ್ತಿದ್ದರು. ಪಕ್ಕದ ಬೀದಿಯವರು ಯಾವ ಹಾಡಿಗೆ ಚೀಟಿ ಕೊಟ್ಟರು ಅಂತ ನೋಡಿಯೇ ಎಷ್ಟೋ ಹಾಡು ತಿಳಿದಿದ್ದು.

ಪಿಜಿ ಪೀರಪ್ಪ · 2:47

ಈಗ ಡಿಜೆ ರೀ. ಚೀಟಿ ಕೊಟ್ಟರೆ ಹರಿದು ಹಾಕುತ್ತಾರೆ.

ಹುಡುಕಾಟದ ಹುಚ್ಚಿ · 3:30

ಸಿಗಲ್ಲ ಅಂತ ಎಲ್ಲರೂ ಹೇಳಿದಿರಿ, ನಾನು ಹೇಗೆ ಹುಡುಕುತ್ತೇನೆ ಅಂತ ಹೇಳುತ್ತೇನೆ. ಆ್ಯಪ್‌ನ ಮೊದಲ ಪುಟ ನೋಡುವುದೇ ಇಲ್ಲ. ಒಂದು ಹಾಡು ಹಿಡಿಸಿದರೆ ಸಂಗೀತ ನಿರ್ದೇಶಕರ ಹೆಸರು, ಬರೆದವರ ಹೆಸರು ಬೇರೆ ಕಡೆಯಿಂದ ತಿಳಿದುಕೊಂಡು ಅವರ ಬೇರೆ ಸಿನಿಮಾ ಹುಡುಕುತ್ತೇನೆ. ಹಿಟ್ ಆದ ಹಾಡಿನ ಆಲ್ಬಂ ತೆಗೆದು ಉಳಿದ ಹಾಡು ಕೇಳುತ್ತೇನೆ, ಅಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಮಗನಿಗೆ ಕಾರಿನಲ್ಲಿ ಪದ್ಯ ಹಾಕುವಾಗ ಪ್ರೈವೇಟ್ ಸೆಷನ್ ಆನ್ ಮಾಡುತ್ತೇನೆ, ಆಗ ಕೇಳಿದ್ದು ಆ್ಯಪ್‌ನ ಲೆಕ್ಕಕ್ಕೆ ಸೇರಲ್ಲ. ಇಲ್ಲದಿದ್ದರೆ ಮರುದಿನ ಆಫೀಸಿನಲ್ಲಿ ಆನೆ ಬಂತೊಂದಾನೆ.

ಕನ್ನಡ ಹುಡುಕುವಾಗ ಸ್ಪೆಲ್ಲಿಂಗ್ ಬದಲಾಯಿಸಿ ನೋಡಿ. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ. ಒಬ್ಬರು ಒಂದು 'ಎ' ಹಾಕಿದರೆ ಇನ್ನೊಬ್ಬರು ಎರಡು, 'ಟಿ' ಪಕ್ಕ 'ಎಚ್' ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಆ್ಯಪ್‌ನಲ್ಲಿ ಇಲ್ಲ ಅಂತ ನೀವು ಕೈಬಿಟ್ಟ ಹಾಡು ಬಹುಶಃ ಬೇರೆ ಸ್ಪೆಲ್ಲಿಂಗ್‌ನಲ್ಲಿ ಸುಮ್ನೆ ಕೂತಿದೆ.

ಎಲ್ಲಕ್ಕಿಂತ ಉಪಯೋಗ ಆಗಿದ್ದು ನಮ್ಮ ಆಫೀಸ್ ಗೆಳತಿಯರ ವಾಟ್ಸಾಪ್ ಗುಂಪು. ವಾರಕ್ಕೆ ಒಬ್ಬೊಬ್ಬರು ಒಂದೇ ಹಾಡು. ಬರೀ ಲಿಂಕ್ ಹಾಕುವ ಹಾಗಿಲ್ಲ. ಯಾರದು, ನನಗೆ ಯಾಕೆ ಹಿಡಿಸಿತು ಅಂತ ಎರಡು ಸಾಲು ಬರೆಯಲೇಬೇಕು. ಬರೆಯಲು ಕೂತಾಗಲೇ ಎಷ್ಟೋ ಹಾಡು ಅಷ್ಟೇನೂ ಚೆನ್ನಾಗಿಲ್ಲ ಅಂತ ಗೊತ್ತಾಗುತ್ತದೆ.

ಡೇಟಾ ದೋಸೆ · 3:41

ಹೌದು, ಪಟ್ಟಿಯನ್ನು ಬೇರೆ ಕಡೆ ಬರೆದೂ ಇಟ್ಟುಕೊಳ್ಳಿ. ರೆಸ್ಸೊ ಅನ್ನುವ ಹಾಡಿನ ಆ್ಯಪ್ 2024ರ ಜನವರಿಯಲ್ಲಿ ಭಾರತ ಬಿಟ್ಟಿತು, ವಿಂಕ್ ಆ್ಯಪ್ ಮುಚ್ಚುವ ಸುದ್ದಿಯೂ ಅದೇ ವರ್ಷ ಬಂತು. ಆ್ಯಪ್ ಜೊತೆ ಪ್ಲೇಲಿಸ್ಟೂ ಹೋಗುತ್ತದೆ.

ಸೈಡ್ ಬಿ · 4:02

ಎರಡು ಸಾಲಿನ ನಿಯಮ ನನಗೆ ಬಹಳ ಹಿಡಿಸಿತು. ಇಲ್ಲೂ ಒಂದು ಗುಂಪು ಮಾಡೋಣವೇ? ನಾನು ತಯಾರು.

ಬನಶಂಕರಿ ಬಸ್‌ಸ್ಟಾಪ್ · 4:10

ನನ್ನನ್ನು ಮೊದಲು ಸೇರಿಸಿ. ಅಣ್ಣನ ಮಗಳನ್ನೂ ಕರೆತರುತ್ತೇನೆ, ಅವಳು ಎರಡು ಸಾಲು ಬರೆಯುವುದನ್ನು ನೋಡಬೇಕು.

ರಸಿಕ ಕೆ.ಆರ್. ರೋಡ್ · 4:16

ಸಿನಿಮಾ ಹಾಡು ಬೇಡ ಅಂತ ಒಂದು ನಿಯಮ ಇರಲಿ. ಅದು ಹೇಗೂ ಎಲ್ಲ ಕಡೆ ಸಿಗುತ್ತದೆ.

ಮೀಟರ್ ಮೇಲೆ ಇಪ್ಪತ್ತು · 4:18

ಸಿನಿಮಾ ಹಾಡು ಬೇಡ ಅಂದರೆ ನಾನಿಲ್ಲ.

ಮೀಡಿಯಂ ವೇವ್ · 4:19

ನಾನೂ ಇಲ್ಲ.

ಹುಡುಕಾಟದ ಹುಚ್ಚಿ · 4:25

ಹಾಡು ಯಾವುದಾದರೂ ಇರಲಿ, ಎರಡು ಸಾಲು ಮಾತ್ರ ಕಡ್ಡಾಯ. ಬೇಕಾದವರು ಮೆಸೇಜ್ ಮಾಡಿ. ಡಿಸ್ಕೋ ಅಣ್ಣನಿಗೂ ಹೇಳಿ.

18ನೇ ಕ್ರಾಸ್ · 4:27

ಅವನು ಈಗ ಬರೀ ದಾಸರ ಪದ ಕೇಳೋದು 😐